ಫೋನು ತಿದ್ದಲಿ, ಕೇಳಿ ತಿದ್ದಲಿ

ನಮ್ಮ ಬೀದಿ ತಿರುವಿನ ದಿನಸಿ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಾಮಾನಿನ ಪಟ್ಟಿ ಕಳಿಸುವ ರೂಢಿ ಕೊರೊನಾ ಲಾಕ್‌ಡೌನಿನಲ್ಲಿ ಶುರುವಾಯಿತು, ಇವತ್ತಿಗೂ ನಿಂತಿಲ್ಲ. ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಒತ್ತುತ್ತಾರೆ. ಫೋನು ಅದನ್ನು ಇಂಗ್ಲಿಷೆಂದೇ ನಂಬಿ, ತಿದ್ದಿ, ಕಳಿಸಿಬಿಡುತ್ತದೆ. ಅಂಗಡಿ ಯಜಮಾನರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದುತ್ತಾರೆ: ಅವಲಾಂಚ್ ಒಂದು ಕೆಜಿ, ಕೋಬ್ರಾ ಅರ್ಧ ಕೆಜಿ, ಸಬ್ಯಾಟಿಕಲ್ ಕಾಲು ಕೆಜಿ, ಪ್ಯಾಸಿವ್ ನೂರು ಗ್ರಾಂ. ಪಿಯುಸಿ ಓದುವ ಮಗಳು ಪಕ್ಕದಲ್ಲಿ ನಿಂತು ಒಂದೊಂದಕ್ಕೂ ಅರ್ಥ ಹೇಳುತ್ತಾಳೆ. ಅವಲಾಂಚ್ ಅಂದರೆ ಬೆಟ್ಟದಿಂದ ಜಾರಿ ಬೀಳುವ ಹಿಮದ ರಾಶಿ, ಸಬ್ಯಾಟಿಕಲ್ ಅಂದರೆ ಪ್ರೊಫೆಸರುಗಳು ಹಾಕುವ ದೊಡ್ಡ ರಜ. ಅಂಗಡಿಯಲ್ಲಿ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಯಜಮಾನರು ಮಾತ್ರ ಅವಲಕ್ಕಿ, ಕೊಬ್ಬರಿ, ಸಬ್ಬಕ್ಕಿ, ಸಾಸಿವೆ ಒಂದೂ ತಪ್ಪದಂತೆ ಕಟ್ಟುತ್ತಾರೆ. "ಮೇಡಂ, ನಿಮ್ಮನೆ ನಾಗರಹಾವು ಕಟ್ಟಿಟ್ಟಿದೀನಿ, ಹಂಗೇ ತಗೊಂಡ್ಹೋಗಿ" ಎಂದು ನನ್ನ ಕೈಗೆ ಕೊಬ್ಬರಿ ಪೊಟ್ಟಣ ಕೊಡುತ್ತಾರೆ.

ಈ ನಗು ನನಗೆ ತುಂಬ ಇಷ್ಟ. ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥವು ಹುಟ್ಟಿ, ಬೆಳೆದು, ಮನೆಮಾತೇ ಆಗಿವೆ. ಶಿವಮೊಗ್ಗದ ಅಕ್ಕ ಒಂದು ಸಂಜೆ ಎಲ್ಲರಿಗೂ "ಊಟ ಆಯ್ತಾ" ಎಂದು ಕೇಳಿದಳು. ಗುಂಪಿಗೆ ಬಂದದ್ದು "ಐಯೋಟಾ ಅಯೋರ್ಟಾ". ದಾವಣಗೆರೆಯಲ್ಲಿ ಡಾಕ್ಟರಾಗಿರುವ ಅವಳ ಮಗ, "ಅಮ್ಮಾ, ಅಯೋರ್ಟಾ ಅಂದ್ರೆ ಹೃದಯದಿಂದ ಹೊರಡೋ ಮಹಾಪಧಮನಿ. ನನ್ನದು ಸರಿಯಾಗಿದೆ, ನಿನ್ನದು ಹೇಗಿದೆ?" ಎಂದು ಬರೆದ. ಅಂದಿನಿಂದ ನಮ್ಮಲ್ಲಿ ಊಟದ ವಿಚಾರಣೆ ಅಂದರೆ "ಅಯೋರ್ಟಾ ಆಯ್ತಾ?" ಅಂತಲೇ. ಇನ್ನೊಂದು ಮದುವೆಮನೆಯದು. ಅಡುಗೆ ಭಟ್ಟರು ಛತ್ರ ತಲುಪಿದರೋ ಇಲ್ಲವೋ ಎಂದು ಎಲ್ಲರೂ ಕಾಯುತ್ತಿದ್ದಾಗ ಸೋದರಮಾವ "ಭಟ್ರು ಬಂದ್ರು" ಎಂದು ಒತ್ತಿದರು. ಫೋನು ಅದನ್ನು "ಬಾತ್‌ಟಬ್ ಬ್ಯಾಂಡ್ಸ್" ಮಾಡಿತು. ಗಂಡಿನ ಕಡೆಯವರು ಅದನ್ನು ನೋಡಿ, ಛತ್ರದಲ್ಲಿ ಬಾತ್‌ಟಬ್ಬೂ ಇದೆಯಂತೆ, ಬ್ಯಾಂಡ್‌ಸೆಟ್ಟೂ ಬರುತ್ತದಂತೆ ಎಂದು ಸಂತೋಷಪಟ್ಟರು. ಮದುವೆ ಮುಗಿದು ಎಷ್ಟೋ ಕಾಲವಾದರೂ ಆ ಭಟ್ಟರಿಗೆ ನಮ್ಮಲ್ಲಿ ಬಾತ್‌ಟಬ್ ಭಟ್ಟರೆಂದೇ ಹೆಸರು. ಅವರಿಗೂ ಗೊತ್ತು. ಅವರೂ ನಗುತ್ತಾರೆ.

ನಾನು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತಳಾದವಳು. ತಪ್ಪು ಹುಡುಕುವುದೇ ನನ್ನ ಅನ್ನ ಆಗಿತ್ತು. ಹಾಗಾಗಿ ಈ ಫೋನಿನ ತಪ್ಪುಗಳನ್ನು ನಗುತ್ತಲೇ ಕೂಡಿಟ್ಟುಕೊಂಡಿದ್ದೇನೆ, ಅವು ಹೇಗೆ ಹುಟ್ಟುತ್ತವೆ ಎಂದು ತಿಳಿದುಕೊಂಡಿದ್ದೇನೆ. ತಿಳಿದಷ್ಟೂ ನನ್ನ ವೃತ್ತಿಯ ಒಂದು ನಿಯಮವನ್ನು ಫೋನು ಮಾಡುವವರಿಗೆ ಹೇಳಬೇಕು ಅನ್ನಿಸುತ್ತಿದೆ.

ಮೊದಲು ಫೋನಿನ ಕಡೆಯ ನ್ಯಾಯ ನೋಡೋಣ. ಗಾಜಿನ ಮೇಲೆ ಒಂದೊಂದು ಅಕ್ಷರಕ್ಕೆ ಇರುವ ಜಾಗ ಬೆರಳ ತುದಿಗಿಂತ ಚಿಕ್ಕದು. ನಾವು ಯಾವ ಅಕ್ಷರ ಒತ್ತಲು ಹೊರಟೆವು ಎಂಬುದು ಫೋನಿಗೆ ಊಹೆಯೇ. ಬೆರಳು ಬಿದ್ದ ಜಾಗದ ಅಕ್ಕಪಕ್ಕದ ಅಕ್ಷರಗಳನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತನ್ನ ಪದಪಟ್ಟಿಯಲ್ಲಿ ಇದಕ್ಕೆ ಹತ್ತಿರ ಇರುವುದು ಯಾವುದು, ಅದರಲ್ಲಿ ಜನ ಹೆಚ್ಚು ಬಳಸುವುದು ಯಾವುದು, ಹಿಂದಿನ ಮಾತಿಗೆ ಹೊಂದುವುದು ಯಾವುದು ಎಂದು ನೋಡುತ್ತದೆ. ನಾವು ಸ್ಪೇಸ್ ಒತ್ತಿದ ಕ್ಷಣದಲ್ಲಿ ತನ್ನ ಆಯ್ಕೆಯನ್ನು ಕೂರಿಸುತ್ತದೆ. ಇಷ್ಟು ಮಾಡದಿದ್ದರೆ ಆ ಪುಟ್ಟ ಗಾಜಿನ ಮೇಲೆ ನೆಟ್ಟಗೆ ಒಂದು ವಾಕ್ಯ ಬರೆಯುವುದೂ ಕಷ್ಟವಾಗುತ್ತಿತ್ತು.

ಹತ್ತಿರ ಅಂದರೆ ಎಷ್ಟು ಹತ್ತಿರ? ಇದನ್ನು ಅಳೆದವರು ಫೋನು ಹುಟ್ಟುವ ಬಹಳ ಮುಂಚಿನವರು. 1964ರಲ್ಲಿ ಐಬಿಎಂನ ಫ್ರೆಡ್ ಡ್ಯಾಮೆರೋ ಕಾಗುಣಿತದ ತಪ್ಪುಗಳನ್ನು ವಿಂಗಡಿಸಿ ಒಂದು ಪ್ರಬಂಧ ಬರೆದರು. ಒಂದು ಅಕ್ಷರ ಹೆಚ್ಚಾಗಿರುತ್ತದೆ, ಒಂದು ಬಿಟ್ಟುಹೋಗಿರುತ್ತದೆ, ಒಂದರ ಬದಲು ಇನ್ನೊಂದು ಬಿದ್ದಿರುತ್ತದೆ, ಇಲ್ಲವೇ ಪಕ್ಕಪಕ್ಕದ ಎರಡು ಅಕ್ಷರ ಅದಲುಬದಲಾಗಿರುತ್ತವೆ. ನೂರಕ್ಕೆ ಸುಮಾರು ಎಂಬತ್ತು ತಪ್ಪುಗಳು ಈ ನಾಲ್ಕರಲ್ಲಿ ಒಂದು ಜಾತಿಯವು ಎಂದು ಅವರು ತೋರಿಸಿದರು. ಅದನ್ನು ಓದಿದಾಗ ನನಗೆ ಆದ ಸಂತೋಷ ಹೇಳತೀರದು. ಕರಡು ತಿದ್ದುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಮ್ಮ ಕೈಗಳಿಗೆ ಗೊತ್ತಿದ್ದದ್ದನ್ನು ಅವರು ಲೆಕ್ಕ ಹಾಕಿ ಹೇಳಿದ್ದರು.

ಈಗ ನಮ್ಮ ಊರಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ಈ ನಾಲ್ಕು ಜಾತಿಗೆ ಹಚ್ಚಿ ನೋಡಿ. ಹೆಗ್ಡೆಯ ನಡುವಿನ ಎರಡು ಅಕ್ಷರ ಅದಲುಬದಲಾದರೆ ಹೆಡ್ಜ್, ಅಂದರೆ ಗಿಡದ ಬೇಲಿ. ಗೌಡದಲ್ಲಿ ಒಂದೇ ಅಕ್ಷರ ಬದಲಾದರೆ ಹಾಲೆಂಡಿನ ಗೌಡಾ ಚೀಸು. ರಾವ್ ಅವರ ಕೊನೆಯ ಅಕ್ಷರದ ಪಕ್ಕದ ಮನೆಗೆ ಬೆರಳು ಜಾರಿದರೆ ರ‍್ಯಾಪ್ ಹಾಡು. ಅವಲಕ್ಕಿಯ ಮೊದಲ ಐದು ಅಕ್ಷರ ಅವಲಾಂಚಿನ ಮೊದಲ ಐದು ಅಕ್ಷರವೇ. ಫೋನಿನ ಲೆಕ್ಕ ತಪ್ಪಿಲ್ಲ. ಅದಕ್ಕೆ ಕೊಟ್ಟ ಪದಪಟ್ಟಿಯಲ್ಲಿ ನಾವು ಇಲ್ಲ, ಅಷ್ಟೇ.

ತಾನಾಗಿ ತಿದ್ದುವ ಈ ಚಾಳಿ ಬಂದದ್ದು ಕಂಪ್ಯೂಟರಿನಿಂದ. ಮೈಕ್ರೋಸಾಫ್ಟ್ ವರ್ಡ್ ತಂಡದಲ್ಲಿದ್ದ ಡೀನ್ ಹ್ಯಾಚಮೊವಿಚ್ ಎಂಬ ಎಂಜಿನಿಯರ್, ಇಂಗ್ಲಿಷಿನ "ದ" ಬರೆಯುವಾಗ ಜನ ಆತುರದಲ್ಲಿ ಕೊನೆಯ ಎರಡು ಅಕ್ಷರ ಹಿಂದುಮುಂದು ಮಾಡುವುದನ್ನು ಗಮನಿಸಿದರು. ಅದನ್ನು ಹೇಗಿದ್ದರೂ ಕೈಯಲ್ಲೇ ತಿದ್ದಬೇಕು, ಯಂತ್ರವೇ ತಿದ್ದಿಬಿಟ್ಟರೆ ಏನು ಎಂದು ಅವರಿಗೆ ಹೊಳೆಯಿತು. 1993ರ ವರ್ಡ್ 6ರಲ್ಲಿ ಅದು ಎಲ್ಲರ ಕೈಗೆ ಬಂತು. ಆ ಒಂದು ತಪ್ಪಿನ ಮಟ್ಟಿಗೆ ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಹಾಗೆ ಹಿಂದುಮುಂದಾದ ಆ ಪದವನ್ನು ಬೇಕೆಂದೇ ಬರೆಯುವವರು ಇಲ್ಲವೇ ಇಲ್ಲ ಅನ್ನಬಹುದು. ತೊಂದರೆ ಶುರುವಾಗುವುದು ಯಂತ್ರಕ್ಕೆ ಗೊತ್ತಿಲ್ಲದ್ದೆಲ್ಲ ತಪ್ಪು ಎಂದು ಅದು ತೀರ್ಮಾನಿಸಿದಾಗ.

ಇದಕ್ಕೆ ಜಗತ್ಪ್ರಸಿದ್ಧ ಸಾಕ್ಷಿ ಕ್ಯೂಪರ್ಟಿನೊ. ಅದು ಕ್ಯಾಲಿಫೋರ್ನಿಯಾದ ಒಂದು ಊರು, ಆ್ಯಪಲ್ ಕಂಪನಿಯ ಮುಖ್ಯ ಕಚೇರಿ ಇರುವುದು ಅಲ್ಲೇ. ಹಳೆಯ ಕಾಗುಣಿತ ತಂತ್ರಾಂಶಗಳಲ್ಲಿ ಸಹಕಾರ ಎಂಬ ಅರ್ಥದ ಇಂಗ್ಲಿಷ್ ಪದ ನಡುವೆ ಅಡ್ಡಗೆರೆ ಇರುವ ರೂಪದಲ್ಲಿ ಮಾತ್ರ ಇತ್ತು. ಗೆರೆ ಬಿಟ್ಟು ಬರೆದರೆ ತಪ್ಪೆಂದು ಎಣಿಸಿ ಅವು ಕ್ಯೂಪರ್ಟಿನೊ ಎಂದು ಸೂಚಿಸುತ್ತಿದ್ದವು. ಹಾಗಾಗಿ ವಿಶ್ವಸಂಸ್ಥೆ, ನ್ಯಾಟೊ, ಯುರೋಪಿಯನ್ ಒಕ್ಕೂಟದ ಗಂಭೀರ ದಾಖಲೆಗಳಲ್ಲಿ ದೇಶದೇಶಗಳ ನಡುವೆ ಸಹಕಾರ ಇರಬೇಕಾದ ಜಾಗದಲ್ಲಿ ಈ ಊರು ಬಂದು ಕೂತಿತು. ಈ ಬಗೆಯ ತಪ್ಪಿಗೆ ಕ್ಯೂಪರ್ಟಿನೊ ಪರಿಣಾಮ ಎಂದೇ ಹೆಸರು ಬಿತ್ತು. ರಾಯಭಾರಿಗಳು ರುಜು ಹಾಕುವ ಕಾಗದದಲ್ಲಿ ಅದನ್ನು ಕಲ್ಪಿಸಿಕೊಂಡಾಗೆಲ್ಲ ನಾನು ಒಬ್ಬಳೇ ಕೂತು ನಕ್ಕಿದ್ದೇನೆ.

ನನ್ನ ಕಾಲದ ತಪ್ಪುಗಳು ಬೇರೆ ಥರದವು. ಅಚ್ಚುಮೊಳೆಯ ಕಾಲದಲ್ಲಿ ಕನ್ನಡಕ್ಕೆ ನೂರಾರು ಬಗೆಯ ಮೊಳೆ ಬೇಕಿತ್ತು: ಅಕ್ಷರ, ಗುಣಿತದ ಗುರುತು, ಕೆಳಗೆ ಕೂರುವ ಒತ್ತು. ಕಂಪೋಸಿಟರ್ ಕೇಸಿನ ಮುಂದೆ ನಿಂತು ಒಂದೊಂದನ್ನೇ ಆರಿಸಿ ಜೋಡಿಸುತ್ತಿದ್ದರು. ಪುಟ ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಅವುಗಳ ಖಾನೆಗೇ ಹಾಕಬೇಕು. ಆಗ ಒಂದು "ಲ" ಕೈತಪ್ಪಿ "ಳ"ದ ಖಾನೆಗೆ ಬಿದ್ದರೆ ಮುಂದಿನ ಪುಸ್ತಕದಲ್ಲಿ ಅದು ತನ್ನ ಕೆಲಸ ಮಾಡುತ್ತಿತ್ತು. ಒತ್ತು ಮುರಿದರೆ ಪುಟದಲ್ಲಿ ಬರೀ ಒಂದು ಕಲೆ. ಇದಕ್ಕೆಲ್ಲ ನಾವು ಮುದ್ರಾರಾಕ್ಷಸನ ಹಾವಳಿ ಎನ್ನುತ್ತಿದ್ದೆವು. ಎಷ್ಟೇ ಎಚ್ಚರ ವಹಿಸಿದರೂ ಪುಸ್ತಕದ ಕೊನೆಗೆ ತಪ್ಪು-ಒಪ್ಪು ಪಟ್ಟಿಯ ಒಂದು ಹಾಳೆ ಸೇರಿಸಬೇಕಾಗುತ್ತಿತ್ತು. ಆಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಬರಹ, ನುಡಿ ತಂತ್ರಾಂಶಗಳು ಬಂದವು. ಅವುಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು ಜಾಗ ತಪ್ಪಿ ಬೇರೆ ಅಕ್ಷರದ ಬೆನ್ನಿಗೆ ಅಂಟಿಕೊಳ್ಳುವುದನ್ನು ತಿದ್ದಿ ತಿದ್ದಿ ಕಣ್ಣು ನೋಯಿಸಿಕೊಂಡೆವು. ಆದರೂ ಆ ತಪ್ಪುಗಳಿಗೆ ಒಂದು ನಿಯತ್ತು ಇತ್ತು. ಅವು ನೋಡಿದ ಕೂಡಲೇ ತಪ್ಪೆಂದು ಕಾಣುತ್ತಿದ್ದವು. ಮುರಿದ ಒತ್ತಕ್ಷರ ಓದುಗರ ಕಣ್ಣಿಗೆ ಚುಚ್ಚುತ್ತದೆ, ಅವರು ನಿಂತು ಸರಿಪಡಿಸಿಕೊಂಡು ಮುಂದೆ ಹೋಗುತ್ತಾರೆ.

ಫೋನಿನ ತಪ್ಪಿನಲ್ಲಿ ಕಾಗುಣಿತದ ತಪ್ಪಿರುವುದಿಲ್ಲ. ಅಯೋರ್ಟಾ ಸರಿಯಾದ ಪದ, ಹೆಡ್ಜ್ ಸರಿಯಾದ ಪದ. ಕೆಳಗೆ ಕೆಂಪು ಗೆರೆ ಬೀಳುವುದಿಲ್ಲ. ಕಣ್ಣು ಜಾರಿಕೊಂಡು ಹೋಗಿಬಿಡುತ್ತದೆ. ಕರಡು ತಿದ್ದುವವರಿಗೆ ಇದಕ್ಕಿಂತ ಕಷ್ಟದ ತಪ್ಪು ಇನ್ನೊಂದಿಲ್ಲ, ಇದನ್ನು ಹಿಡಿಯಲು ಬರೆದವರ ಮನಸ್ಸೇ ಗೊತ್ತಿರಬೇಕು. ಅಂಗಡಿ ಯಜಮಾನರಿಗೆ ನಮ್ಮ ಮನೆಯ ಒಗ್ಗರಣೆ ಡಬ್ಬಿಯವರೆಗೆ ಗೊತ್ತು, ಆದ್ದರಿಂದ ಕೋಬ್ರಾ ಕೊಬ್ಬರಿಯಾಯಿತು. ನನ್ನ ಪ್ರಕಾರ ಈ ತಪ್ಪುಗಳಿಗೆ ನಾವು ನಗಲು ಸಾಧ್ಯವಾಗುವುದೇ ಈ ಪರಿಚಯದಿಂದ. ಓದುವವರು ನಮ್ಮವರಾದರೆ ತಪ್ಪು ನಗುವಾಗುತ್ತದೆ. ಪರಿಚಯ ಇಲ್ಲದ ಕಡೆ, ಗಾಬರಿಯ ಹೊತ್ತಿನಲ್ಲಿ, ಅದೇ ತಪ್ಪು ಏನೇನೋ ಆಗುತ್ತದೆ.

ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ಸಂಜೆ ದೇವಸ್ಥಾನಕ್ಕೆ ಹೊರಟಾಗ, ಬೆಂಗಳೂರಿನ ಮಗ ಫೋನು ಮಾಡಿದರೆ ಎತ್ತಲಾಗುವುದಿಲ್ಲವೆಂದು, "ನಾನು ಮನೇಲಿ ಇಲ್ಲ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದರು. ಕೊನೆಯ "ಇಲ್ಲ" ಫೋನಿನ ಕೈಯಲ್ಲಿ "ಇಲ್" ಆಯಿತು. ಮನೆಯಲ್ಲಿ ಕಾಯಿಲೆ ಬಿದ್ದಿದ್ದೇನೆ ಎಂದು ಮಗ ಓದಿಕೊಂಡ. ಮಾಡಿದ ಕರೆಗೆ ಉತ್ತರವಿಲ್ಲ, ದೇವಸ್ಥಾನದಲ್ಲಿ ಫೋನು ಸದ್ದಿಲ್ಲದೆ ಚೀಲದಲ್ಲಿತ್ತು. ಅವನು ಕೆಲಸ ಬಿಟ್ಟು ಕಾರು ಹತ್ತಿ, ದಾರಿಯುದ್ದಕ್ಕೂ ನಮಗೆಲ್ಲ ಫೋನು ಮಾಡಿ, ರಾಮನಗರ ದಾಟುವ ಹೊತ್ತಿಗೆ ಅವರು ಮಂಗಳಾರತಿ ಮುಗಿಸಿ ಮನೆಗೆ ಬಂದಿದ್ದರು. ಆಮೇಲೆ ನಾವು ನಕ್ಕಿದ್ದು ನಿಜ. ಆದರೆ ಆ ಹುಡುಗ ಬಿಡದಿಯಿಂದ ಮಾತಾಡಿದಾಗಿನ ದನಿ ನನ್ನ ಕಿವಿಯಲ್ಲಿದೆ. ಒಂದು ಅಕ್ಷರವನ್ನು ಯಂತ್ರ ತೆಗೆದುಹಾಕಿದ್ದರಿಂದ ಒಬ್ಬ ಮಗ ಹಾಗೆ ನಡುಗುವಂತಾಗಬಾರದು.

ಇನ್ನು ಹೆಸರುಗಳ ವಿಷಯ. ಹೆಡ್ಜ್, ಗೌಡಾ ಚೀಸು ನಗೆಯ ಮಾತಾಗಿರುವುದು ಗೆಳೆಯರ ನಡುವೆ. 2024ರಲ್ಲಿ ಬ್ರಿಟನ್ನಿನಲ್ಲಿ "ನಾನು ಅಚ್ಚಿನ ತಪ್ಪಲ್ಲ" ಎಂಬ ಅರ್ಥದ ಹೆಸರಿಟ್ಟು ಒಂದು ಗುಂಪು ಆಂದೋಲನ ನಡೆಸಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2021ರಲ್ಲಿ ಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಶೇ 41ರಷ್ಟನ್ನು ಮೈಕ್ರೋಸಾಫ್ಟಿನ ಇಂಗ್ಲಿಷ್ ನಿಘಂಟು ತಪ್ಪೆಂದೋ ಒಪ್ಪಿಗೆಯಿಲ್ಲದ್ದೆಂದೋ ಗುರುತಿಸುತ್ತದೆ ಎಂದು ಅವರು ತೋರಿಸಿದರು. ಆಂದೋಲನದ ಜೊತೆಗಿದ್ದ ಪತ್ರಕರ್ತೆ ಧ್ರುತಿ ಷಾ ತಮ್ಮ ಹೆಸರು "ಡರ್ಟಿ" ಎಂದೂ "ಡೊರಿಟೊ" ಎಂದೂ ಬದಲಾದದ್ದನ್ನು ಹೇಳಿಕೊಂಡರು. ಅಪ್ಪ ಅಮ್ಮ ಪ್ರೀತಿಯಿಂದ ಆರಿಸಿದ ಹೆಸರು ಕೊಳಕು ಎಂಬ ಅರ್ಥದ ಪದವಾಗಿ, ಕಚೇರಿಯ ಪತ್ರದ ಮೇಲುಸಾಲಿನಲ್ಲಿ ಬಂದು ಕೂರುವುದನ್ನು ಯೋಚಿಸಿ. ಹೆಸರು ತಪ್ಪಾಗಿ ಬರೆಯಬಾರದು ಎಂಬುದು ನಮ್ಮ ಮುದ್ರಣಾಲಯದಲ್ಲಿ ಮೊದಲ ದಿನವೇ ಕಲಿಸುತ್ತಿದ್ದ ಪಾಠ. ಲಗ್ನಪತ್ರಿಕೆಯ ಕರಡನ್ನು ಮನೆಯವರಿಗೆ ತೋರಿಸಿ, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿಸಿಕೊಂಡ ಮೇಲೇ ಯಂತ್ರಕ್ಕೆ ಹಾಕುತ್ತಿದ್ದೆವು.

ನಮ್ಮ ರಾಜ್ಯದಲ್ಲಿ ಹೆಸರಿನ ಒಂದು ಅಕ್ಷರ ಎಷ್ಟು ತೂಕದ್ದು ಎಂಬುದು ಪಹಣಿ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಹಿಡಿದು ಓಡಾಡಿದವರಿಗೆ ಗೊತ್ತು. ಒಂದರಲ್ಲಿ ಪುಟ್ಟಮ್ಮ, ಇನ್ನೊಂದರಲ್ಲಿ ಪುಟ್ಟಮ್ಮಣ್ಣಿ ಇದ್ದರೆ ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ ನೋಟರಿಯ ಮೊಹರು ಹಾಕಿಸಬೇಕು. ಇವುಗಳಲ್ಲಿ ಹೆಚ್ಚಿನವು ಮನುಷ್ಯರ ಕೈಯ ತಪ್ಪುಗಳು, ಫೋನಿನ ಮೇಲೆ ಹಾಕುವಂತಿಲ್ಲ. ಆದರೆ ಈಗ ಎಷ್ಟೋ ಅರ್ಜಿಗಳನ್ನು ನಾವು ಫೋನಿನಲ್ಲೇ ತುಂಬುತ್ತೇವೆ. ಅರ್ಜಿಯ ಹೆಸರಿನ ಚೌಕದಲ್ಲಿ ತಾನಾಗಿ ತಿದ್ದಬೇಡ ಎಂದು ಕೀಲಿಮಣೆಗೆ ಹೇಳುವುದು ಆ ಪುಟ ಮಾಡುವವರ ಕೈಯಲ್ಲೇ ಇದೆ, ಅದಕ್ಕೆ ಒಂದು ಸಾಲಿನ ಸೂಚನೆ ಬರೆದರೆ ಸಾಕು. ಬರೆಯದೆ ಬಿಟ್ಟರೆ ಅದು ಅಸಡ್ಡೆ, ಬೇರೇನೂ ಅಲ್ಲ.

ಯಂತ್ರ ಬಗ್ಗದಿದ್ದಾಗ ಮನುಷ್ಯರೇ ಬಗ್ಗಿದ ಒಂದು ಪ್ರಸಂಗವನ್ನೂ ಹೇಳಬೇಕು. ಮನುಷ್ಯರ ಕೆಲವು ಜೀನ್‌ಗಳ ಸಂಕ್ಷಿಪ್ತ ಹೆಸರು ಮಾರ್ಚ್ 1, ಸೆಪ್ಟ್ 2 ಎಂಬಂತೆ ಇದ್ದವು. ಎಕ್ಸೆಲ್ ಹಾಳೆಯಲ್ಲಿ ಬರೆದ ಕೂಡಲೇ ಅವು ತಿಂಗಳು, ತಾರೀಖು ಆಗಿಬಿಡುತ್ತಿದ್ದವು. ಎಕ್ಸೆಲ್ ಪಟ್ಟಿಗಳನ್ನು ಲಗತ್ತಿಸಿದ ಜೀನ್ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ಬಗೆಯ ತಪ್ಪಿದೆ ಎಂದು 2016ರ ಒಂದು ಅಧ್ಯಯನ ಕಂಡುಕೊಂಡಿತು. ಕೊನೆಗೆ 2020ರಲ್ಲಿ, ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಹೆಸರು ಬದಲಿಸುವ ದಾರಿ ಹಿಡಿಯಿತು. ಜೀನ್‌ಗಳಿಗೆ ಇದರಿಂದ ನೋವಾಗುವುದಿಲ್ಲ. ಆದರೆ ಹೆಗ್ಡೆಯವರು, ಗೌಡರು, ಧ್ರುತಿಯಂಥವರು ಯಂತ್ರಕ್ಕೆ ಅನುಕೂಲವಾಗಲೆಂದು ಹೆಸರು ಬದಲಿಸಿಕೊಳ್ಳುವುದುಂಟೇ?

"ಇಷ್ಟೆಲ್ಲ ಯಾಕೆ, ಕನ್ನಡ ಅಕ್ಷರದಲ್ಲೇ ಬರೆದರಾಯಿತಲ್ಲ" ಎಂದು ನೀವು ಕೇಳಬಹುದು. ಹೌದು, ಬರೆಯಬೇಕು. ನಾನು ಅಕ್ಕನ ಫೋನಿನಲ್ಲೂ ನಮ್ಮ ಮಹಿಳಾ ಸಮಾಜದವರ ಫೋನುಗಳಲ್ಲೂ ಕನ್ನಡ ಕೀಲಿಮಣೆ ಹಾಕಿಕೊಟ್ಟಿದ್ದೇನೆ. ಅವಲಾಂಚುಗಳು ಅಲ್ಲಿಗೆ ನಿಂತವು. ಆದರೆ ಅಲ್ಲಿ ಬೇರೆ ತಮಾಷೆಗಳಿವೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕೀಲಿಮಣೆಗೆ "ಲ" ಯಾವುದು, "ಳ" ಯಾವುದು ಎಂಬ ಗೊಂದಲ. ಹಾಲು ತನ್ನಿ ಎಂದರೆ ಹಾಳು ತನ್ನಿ ಎನ್ನುತ್ತದೆ. ಇಸ್ತ್ರಿ ಅಂಗಡಿಯವರಿಗೆ ಒಬ್ಬರು ಕಳಿಸಿದ ಸಂದೇಶ: "ಅಂಗಿ ಕಾಲರಿನಲ್ಲಿ ಇನ್ನೂ ಕೊಲೆ ಇದೆ, ದಯವಿಟ್ಟು ತೆಗೆಯಿರಿ." ಸಮಾಜದ ವಾರ್ಷಿಕೋತ್ಸವದ ಆಹ್ವಾನದಲ್ಲಿ "ಕಾರ್ಯಕ್ರಮದ ಮದ್ಯದಲ್ಲಿ ಲಘು ಉಪಾಹಾರ" ಎಂದು ಬಂದದ್ದನ್ನು ಕಳಿಸುವ ಮೊದಲೇ ಕಾರ್ಯದರ್ಶಿಗೆ ತೋರಿಸಿದೆ. ಅವರು ನಕ್ಕ ರಭಸಕ್ಕೆ ಕೈಲಿದ್ದ ಕಾಫಿ ಸೀರೆಯ ಮೇಲೆ ಚೆಲ್ಲಿತು.

ಇವು ಸಣ್ಣ ತಮಾಷೆಗಳು, ನಗೋಣ. ಇದರ ಕೆಳಗೆ ಇನ್ನೊಂದು ವಿಷಯ ಇದೆ, ಅದು ನನ್ನನ್ನು ನಿಜವಾಗಿ ಕಾಡುತ್ತದೆ. ಕನ್ನಡದ ಒಂದೊಂದು ಪದವೂ ವಿಭಕ್ತಿ, ಸಂಧಿ, ಪ್ರತ್ಯಯ ಸೇರಿಸಿಕೊಂಡು ಬೆಳೆಯುತ್ತಲೇ ಹೋಗುತ್ತದೆ. ಮನೆ, ಮನೆಯ, ಮನೆಯಲ್ಲಿ, ಮನೆಯಲ್ಲಿದ್ದ, ಮನೆಯಲ್ಲಿದ್ದವರು, ಮನೆಯಲ್ಲಿದ್ದವರಿಗೂ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳನ್ನೂ ಫೋನಿಗೆ ತುಂಬಿದರೂ ಇವೆಲ್ಲ ಪದಪಟ್ಟಿಯಾಗಿ ಅಲ್ಲಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಅದರ ಮೇಲೆ ನಾವು ಆಡುವ ಮಾತು ಬೇರೆ. ಧಾರವಾಡದವರು "ಬರಾಕ ಹತ್ತೀನಿ" ಎಂದು ಬರೆಯುತ್ತಾರೆ, ಮಂಡ್ಯದವರು "ಬತ್ತಾವ್ನಿ" ಎನ್ನುತ್ತಾರೆ, ಮಂಗಳೂರಿನವರಿಗೆ ಎಲ್ಲವೂ "ಉಂಟು". ನನ್ನ ಫೋನಿನ ಕನ್ನಡ ಕೀಲಿಮಣೆ ಇವಕ್ಕೆಲ್ಲ ಪುಸ್ತಕದ ಕನ್ನಡವನ್ನೇ ಮುಂದಿಡುತ್ತದೆ. ಇವತ್ತು ಅದು ಮೇಲಿನ ಪಟ್ಟಿಯಲ್ಲಿ ಸೂಚನೆಯಾಗಿ ನಿಂತಿದೆ, ಒತ್ತಿದರೆ ಉಂಟು, ಬಿಟ್ಟರೆ ಇಲ್ಲ. ನಾಳೆ ಯಂತ್ರಕ್ಕೆ ಧೈರ್ಯ ಬಂದು ಇಂಗ್ಲಿಷಿನಲ್ಲಿ ಮಾಡಿದಂತೆ ತಾನೇ ತಿದ್ದಲು ಹೊರಟರೆ, ಮಂಡ್ಯದ ಅಜ್ಜಿ ಮೊಮ್ಮಗನಿಗೆ ಕಳಿಸಿದ ಮಾತು ಸರ್ಕಾರಿ ಸುತ್ತೋಲೆಯ ಕನ್ನಡವಾಗಿ ತಲುಪುತ್ತದೆ. ಅವನು ಅಜ್ಜಿಯ ದನಿಯನ್ನೇ ಕಳೆದುಕೊಳ್ಳುತ್ತಾನೆ. ಆ ತಪ್ಪಿಗೆ ಯಾರೂ ನಗುವುದಿಲ್ಲ. ಏಕೆಂದರೆ ಅದು ತಪ್ಪೆಂದು ಯಾರಿಗೂ ತಿಳಿಯುವುದೇ ಇಲ್ಲ.

ಇಲ್ಲಿ ನನ್ನ ವೃತ್ತಿಯ ನಿಯಮ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುಂದಾಪುರದ ಕಡೆಯ ಲೇಖಕರೊಬ್ಬರ ಕಥೆಗಳ ಕರಡು ಬಂತು. ಮಾತುಗಳ ತುಂಬ "ಎಂತ", "ಎಂತಕ್ಕೆ". ನನ್ನ ಜೊತೆಯ ಹುಡುಗನೊಬ್ಬ ಅವನ್ನೆಲ್ಲ "ಏನು", "ಏತಕ್ಕೆ" ಮಾಡಲು ಪೆನ್ನು ತೆಗೆದ. ನಮ್ಮ ಹಿರಿಯ ಕರಡು ತಿದ್ದುವವರು ಅವನ ಕೈ ಹಿಡಿದರು. ಮೊಳೆ ತಪ್ಪಿದ್ದರೆ ನೀನೇ ತಿದ್ದು, ಮಾತು ನಿನಗೆ ಹೊಸದೆನಿಸಿದರೆ ಅಂಚಿನಲ್ಲಿ ಪ್ರಶ್ನೆಯ ಗುರುತು ಹಾಕಿ ಲೇಖಕರಿಗೆ ಕಳಿಸು, ಅವರು ಹೇಳಿದಂತೆ ಮಾಡು ಎಂದರು. ನಾವೆಲ್ಲ ನಿವೃತ್ತಿಯವರೆಗೂ ಹಾಗೆಯೇ ನಡೆದೆವು. ನಿಘಂಟುಕಾರರಾದ ಜಿ. ವೆಂಕಟಸುಬ್ಬಯ್ಯನವರೂ "ಇಗೋ ಕನ್ನಡ" ಅಂಕಣದಲ್ಲಿ ವರ್ಷಗಟ್ಟಲೆ ಪದಗಳ ವಿಚಾರ ಬರೆದರು. ಓದುಗರು ಕೇಳಿದರು, ಅವರು ಉತ್ತರ ಹೇಳಿದರು. ನಿಘಂಟಿನ ಅಷ್ಟು ದೊಡ್ಡ ವಿದ್ವಾಂಸರು ಕೇಳಿದವರಿಗೆ ಹೇಳುತ್ತಿದ್ದರು. ನಮ್ಮ ಜೇಬಿನಲ್ಲಿರುವ ಯಂತ್ರ ಕೇಳಿ ತಿದ್ದುವುದನ್ನು ಕಲಿಯಬೇಕು.

ಇದು ಆಗದ ಮಾತಲ್ಲ. ಇಂಗ್ಲಿಷಿನ ಒಂದು ಬೈಗುಳವನ್ನು ಐಫೋನು ಹಟ ಹಿಡಿದು ಬಾತುಕೋಳಿಯ ಪದವಾಗಿ ಬದಲಿಸುತ್ತಿತ್ತು. ಕೋಪದಲ್ಲಿ ಬರೆದವರ ಮಾತಿನಲ್ಲೆಲ್ಲ ಬಾತುಕೋಳಿ ಓಡಾಡುತ್ತಿತ್ತು, ಅದರ ಮೇಲೆ ಹುಟ್ಟಿದ ನಗೆಹನಿಗಳಿಗೆ ಲೆಕ್ಕವಿಲ್ಲ. 2023ರ ಜೂನಿನಲ್ಲಿ ಆ್ಯಪಲ್‌ನ ಕ್ರೇಗ್ ಫೆಡರೀಘಿ ಅದೇ ಬಾತುಕೋಳಿಯ ಪದ ಬಳಸಿ, ಇನ್ನು ಮುಂದೆ ಕೀಲಿಮಣೆ ಅದನ್ನೂ ಕಲಿಯುತ್ತದೆ ಎಂದು ಹೇಳಿ ಎಲ್ಲರನ್ನೂ ನಗಿಸಿದರು. ಪತ್ರಿಕೆಗಳು ಅದನ್ನೇ ಸುದ್ದಿ ಮಾಡಿದವು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ ವರ್ಷದ ಐಫೋನು ತಂತ್ರಾಂಶ ಐಒಎಸ್ 17ರಲ್ಲಿ ಬಂದ ಇನ್ನೊಂದು ಬದಲಾವಣೆ: ಫೋನು ತಾನಾಗಿ ತಿದ್ದಿದ ಪದದ ಕೆಳಗೆ ಸ್ವಲ್ಪ ಹೊತ್ತು ಗೆರೆ ಎಳೆದು ತೋರಿಸುತ್ತದೆ, ಅದನ್ನು ಮುಟ್ಟಿದರೆ ನಾವು ಬರೆದದ್ದೇ ಮರಳಿ ಬರುತ್ತದೆ. ಇದು ಅಂಚಿನ ಪ್ರಶ್ನೆಯ ಗುರುತೇ. ಬೈಗುಳಕ್ಕೆ ಸಿಕ್ಕಿದ ನ್ಯಾಯ ನಮ್ಮ ಹೆಸರುಗಳಿಗೂ ಮಾತಿಗೂ ಸಿಗಲಿ ಎಂದು ಕೇಳುತ್ತಿದ್ದೇನೆ. ಎಲ್ಲ ಫೋನುಗಳಲ್ಲಿ, ಎಲ್ಲ ಭಾಷೆಗಳಲ್ಲಿ ಈ ಗೆರೆ ಬರಲಿ. ಸಂಪರ್ಕ ಪಟ್ಟಿಯಲ್ಲಿ ಇರುವ ಹೆಸರನ್ನು ಫೋನು ಮುಟ್ಟದಿರಲಿ. ಒಂದೇ ಸಂದೇಶದಲ್ಲಿ ನಾಲ್ಕು ಪದ ತನಗೆ ಗೊತ್ತಿಲ್ಲದವು ಬಂದರೆ, ಇವರು ಬೇರೆ ಭಾಷೆ ಬರೆಯುತ್ತಿದ್ದಾರೆ ಎಂದು ತಿಳಿದು ಸುಮ್ಮನಿರಲಿ.

ಅಲ್ಲಿಯತನಕ ನಮ್ಮ ಕೈಲಿ ಇರುವುದನ್ನು ನಾವು ಮಾಡಬಹುದು. ಫೋನಿನ ಸೆಟ್ಟಿಂಗ್ಸಿನಲ್ಲಿ ಕೀಲಿಮಣೆಯ ಭಾಗಕ್ಕೆ ಹೋದರೆ ತಾನಾಗಿ ತಿದ್ದುವುದನ್ನು ನಿಲ್ಲಿಸುವ ಗುಂಡಿ ಇದೆ, ಸೂಚನೆಗಳನ್ನು ಮಾತ್ರ ಉಳಿಸಿಕೊಳ್ಳಬಹುದು. ನಮ್ಮದೇ ಪದಗಳನ್ನು ಸೇರಿಸಲು ಸ್ವಂತ ನಿಘಂಟು ಇದೆ. ಮಹಿಳಾ ಸಮಾಜದಲ್ಲಿ ಒಂದು ಮಧ್ಯಾಹ್ನ ಕೂತು ಎಲ್ಲರ ಫೋನಿನಲ್ಲೂ ಸೊಸೆ, ಅಳಿಯ, ಮೊಮ್ಮಕ್ಕಳ ಹೆಸರು ಸೇರಿಸಿದೆವು. ಒಬ್ಬರು ತಮ್ಮ ಎಮ್ಮೆಯ ಹೆಸರನ್ನೂ ಸೇರಿಸಿಕೊಂಡರು, ಹಾಲಿನ ಲೆಕ್ಕ ಬರೆಯಲು ಬೇಕಂತೆ.

ತಾನಾಗಿ ತಿದ್ದುವುದೇ ಬೇಡ, ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ನನ್ನ ಅಣ್ಣನಿಗೆ ಪಾರ್ಶ್ವವಾಯು ಬಡಿದ ಮೇಲೆ ಬಲಗೈ ಸ್ವಾಧೀನದಲ್ಲಿಲ್ಲ. ಎಡಗೈಯ ಒಂದು ಬೆರಳಲ್ಲಿ ಬರೆಯುತ್ತಾರೆ, ಅದೂ ನಡುಗುತ್ತದೆ. ಮಾತು ತೊದಲುವುದರಿಂದ ಬರವಣಿಗೆಯೇ ಅವರ ಮಾತು. ಅವರ ಪಾಲಿಗೆ ಕೀಲಿಮಣೆಯ ಮೇಲೆ ಬರುವ ಆ ಮೂರು ಸೂಚನೆಗಳು ದೊಡ್ಡ ಆಸರೆ. ಎರಡು ಅಕ್ಷರ ಒತ್ತಿ, ಬಂದವುಗಳಲ್ಲಿ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ. ಹೋದ ತಿಂಗಳು ನಮ್ಮ ಬಡಾವಣೆಯ ಬೀದಿದೀಪಗಳ ಬಗ್ಗೆ ಪತ್ರಿಕೆಯ ಓದುಗರ ಅಂಕಣಕ್ಕೆ ಹಾಗೆಯೇ ಒಂದು ಪತ್ರ ಬರೆದು ಮುಗಿಸಿ ನನಗೆ ತೋರಿಸಿದರು. ಎರಡನೇ ವಾಕ್ಯದಲ್ಲಿ ಒಂದು ಅಲ್ಪವಿರಾಮ ಹಾಕಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಹಾಗೇ ಕಳಿಸಿದೆವು.